ಉಬ್ಬಬಾರದ ಬ್ರೌನಿ

ಹಿಟ್ಟಿಗೆ ಕಿವಿ ಬಂದ ಮೇಲೆ ಕೇಕ್ ಮಾಡುವುದು ಯಾರಿಗೂ ಕಷ್ಟವಾಗಿರಲಿಲ್ಲ. ಓವನ್ ಮುಂದೆ ನಿಂತು ನಾಲ್ಕು ಒಳ್ಳೆಯ ಮಾತಾಡಿದರೆ ಉಬ್ಬುತ್ತಿತ್ತು. ಕಷ್ಟವೆಲ್ಲ ಚಾಕೊಲೇಟ್ ಬ್ರೌನಿಯದು. ಅದು ಉಬ್ಬಬಾರದು, ಅಂಟಂಟಾಗಿ ತಗ್ಗಿರಬೇಕು. ಅದಕ್ಕೆ ತಿರಸ್ಕಾರ ಬೇಕು, ಅದೂ ಮನಸಾರೆ ಬಂದದ್ದು.

ಹಾಗಾಗಿ ಬೀದಿಯವರೆಲ್ಲ ಬ್ರೌನಿಗೆ ಕರೆಯುತ್ತಿದ್ದದ್ದು ನಿವೃತ್ತ ಹೆಡ್‌ಮಿಸ್ ತುಂಗಮ್ಮನವರನ್ನು. ಜಗತ್ತಿನಲ್ಲಿ ಮೆಚ್ಚುವಂಥದ್ದು ಅವರಿಗೆ ಒಂದೂ ಕಂಡಿರಲಿಲ್ಲ. ಹೊಗಳಿದರೆ ಉಬ್ಬುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು.

ಅಂದು ಎದುರುಮನೆಯ ರೋಹಿಣಿ ಕರೆದಿದ್ದಳು. ಅವಳ ಭಾವೀ ಅತ್ತೆ ಕಾಫಿಗೆ ಬರುವವರಿದ್ದರು. ಆಕೆಗೆ ಬೆಣ್ಣೆ ಹಚ್ಚುವ ಹುಡುಗಿಯರೆಂದರೆ ಆಗದು. ಉಬ್ಬಿದ ಬ್ರೌನಿ ಕಂಡರೆ ಸಂಬಂಧವೇ ಬೇಡವೆನ್ನುವ ಹೆಂಗಸು.

ತುಂಗಮ್ಮ ಓವನ್ನಿನ ಗಾಜಿಗೆ ಮುಖವಿಟ್ಟರು. "ನಿನ್ನ ಮುಖಕ್ಕೆ ಕೋಕೋ ಬೇರೆ ಕೇಡು! ಕೆಸರಾದ್ರೂ ಗದ್ದೆಗೆ ಬೇಕಾಗುತ್ತೆ. ನೀನು ಯಾತಕ್ಕೂ ಬೇಡ."

ಬ್ರೌನಿ ನಾಚಿ ಕುಗ್ಗಿತು. ಇನ್ನು ಐದೇ ನಿಮಿಷ.

"ಅಬ್ಬಾ ಮೇಡಂ, ನಿಮ್ಮ ಥರ ಬೈಯೋರು ಮೈಸೂರಲ್ಲೇ ಇಲ್ಲ!" ಅಂದಳು ರೋಹಿಣಿ. "ಏನು ಮಾತು, ಏನು ಗತ್ತು!"

ಇಂಥ ಮಾತನ್ನು ತುಂಗಮ್ಮನವರಿಗೆ ಇದುವರೆಗೆ ಯಾರೂ ಆಡಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡರು. ಕತ್ತು ನೆಟ್ಟಗಾಯಿತು. "ಇದೇನು ಮಹಾ! ನನ್ನನ್ನ ಸ್ಕೂಲಲ್ಲಿ ನೋಡಬೇಕಿತ್ತು ನೀನು."

ಅಷ್ಟರಲ್ಲಿ ಬ್ರೌನಿಯೂ ಆ ಹೊಗಳಿಕೆ ತನಗೇ ಅಂದುಕೊಂಡು ಟ್ರೇ ಮೀರಿ ಎದ್ದಿತ್ತು. ಹೊರಗೆ ಗೇಟಿನ ಸದ್ದಾಯಿತು.

ರೋಹಿಣಿ ಓವನ್ನಿನತ್ತ ತಿರುಗಿ ಚೀರಿದಳು: "ಥೂ! ಎರಡು ಮಾತಿಗೇ ಹೀಗೆ ಉಬ್ಬೋದಾ? ನಾಚಿಕೆ ಆಗಲ್ವಾ ನಿನಗೆ?"

ಬ್ರೌನಿ ಕುಸಿದು ಅಂಟಂಟಾಯಿತು. ತುಂಗಮ್ಮನವರ ಕತ್ತೂ ತಗ್ಗಿತು.