ತಮನ್ನಾ ಹೋಗುತ್ತಿದ್ದ ಕೋಣೆ

ಮೂರನೆಯ ಗುರುವಾರವೂ ತಮನ್ನಾ ಆ ಕೋಣೆಗೆ ಹೋದಳು. ಒಳಗೆ ಕಾಲಿಡುವ ಮುಂಚೆ ಎರಡು ಸಲ ಸುತ್ತ ನೋಡಿದಳು, ಕಳ್ಳಿಯ ಹಾಗೆ. ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದ ಪವಿತ್ರ ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ.

ಮಧುಗಿರಿಯ ಆ ಕಾಲೇಜಿಗೆ ವಾರಕ್ಕೊಮ್ಮೆ ನೂರೀನ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞೆ ಬರುತ್ತಿದ್ದರು. ಆಟಗಾರರ ಬಾಯಲ್ಲಿ ಅವರು ಕೂರುವ ಕೋಣೆ ‘ಹುಚ್ಚರ ರೂಮು’. ಕೋಚ್ ಪ್ರಸನ್ನ ಕುಮಾರ್ ಮೊದಲ ದಿನವೇ ನಕ್ಕಿದ್ದರು: “ಕಾಲಲ್ಲಿ ಓಡೋರಿಗೆ ತಲೆ ಡಾಕ್ಟ್ರು ಯಾಕೆ? ಅಲ್ಲಿಗೆ ಹೋದೋರು ನನ್ನ ಟೀಮಿಗೆ ಬೇಡ.”

ಪವಿತ್ರಳ ಹೊಟ್ಟೆ ಉರಿಯಿತು. ಎರಡು ವರ್ಷದಿಂದ ಇಬ್ಬರೂ ಬೆಟ್ಟದ ಬುಡದ ರಸ್ತೆಯಲ್ಲಿ ಜೊತೆಗೆ ಓಡಿದವರು. ಸಾವಿರದೈನೂರು ಮೀಟರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿದ್ದದ್ದು ಒಬ್ಬಳಿಗೆ. ತಮನ್ನಾ ಒಳಗೆ ಏನೋ ಗುಟ್ಟು ಕಲಿಯುತ್ತಿರಬೇಕು. ಇಲ್ಲವೇ ಅವಳ ತಲೆ ಕೆಟ್ಟಿರಬೇಕು.

ತಮನ್ನಾಳ ಮಾತೂ ಬದಲಾಗಿತ್ತು. ಮೊದಲೆಲ್ಲ ಓಟದ ಟೈಮಿಂಗ್ ಕೇಳುತ್ತಿದ್ದವಳು ಈಗ ಬೇರೇನೋ ಕೇಳುತ್ತಿದ್ದಳು.

“ರಾತ್ರಿ ಮಲಗಿದ್ಯೇನೇ?”

“ಮಲ್ಗಿದ್ದೆ ಬುಡು.”

“ಡಬ್ಬಿ ಹಂಗೇ ಐತಲ್ಲ, ತಿನ್ನಲಿಲ್ವಾ?”

“ನೀನ್ಯಾವಾಗ ಪೊಲೀಸಾದೆ?”

ಪವಿತ್ರ ಡಬ್ಬಿಯ ಮುದ್ದೆಯನ್ನು ನಾಯಿಗೆ ಹಾಕಿದಳು. ಹೊಟ್ಟೆ ಖಾಲಿಯಿದ್ದರೆ ಮೈ ಹಗುರ. ಅವಳ ಓಟ ನಾಲ್ಕು ಸೆಕೆಂಡು ಹಿಂದೆ ಬಿದ್ದಿತ್ತು. ಹಳೆ ಬೂಟು, ಅಷ್ಟೇ.

ಆಯ್ಕೆಗೆ ಎರಡು ದಿನವಿರುವಾಗ ಅವಳು ಕೋಚ್ ಎದುರು ನಿಂತಳು. “ಸಾರ್, ತಮನ್ನಾ ಆ ರೂಮಿಗೆ ಹೋಗ್ತಾವ್ಳೆ. ಮೂರು ವಾರ ಆಯ್ತು.”

ಕೋಚ್ ತಮನ್ನಾಳನ್ನು ಕರೆಸಿದರು. ಹೋದದ್ದು ಹೌದು ಎಂದಳು. ಯಾಕೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಒಮ್ಮೆ ಅಲ್ಲೇ ನಿಂತಿದ್ದ ಪವಿತ್ರಳ ಮುಖ ನೋಡಿ ತಲೆ ತಗ್ಗಿಸಿದಳು. ಆಯ್ಕೆಯ ಪಟ್ಟಿಯಿಂದ ಅವಳ ಹೆಸರು ಹೋಯಿತು. ಮರುದಿನ ಹಾಸ್ಟೆಲ್ ಬಿಟ್ಟು ಊರಿಗೆಂದು ಶಿರಾ ಬಸ್ಸು ಹತ್ತಿದಳು.

ಆಯ್ಕೆಯ ಓಟವನ್ನು ಪವಿತ್ರ ಹೇಗೋ ಗೆದ್ದಳು. ತಮನ್ನಾ ಇದ್ದಿದ್ದರೆ ಆಗುತ್ತಿರಲಿಲ್ಲ.

ಗೆದ್ದ ಮೇಲೆ ಯಾರೂ ಅವಳ ಪಕ್ಕ ಕೂರಲಿಲ್ಲ. ಚಾಡಿ ಹೇಳಿದವಳ ಜೊತೆ ಮಾತು ಯಾರಿಗೆ ಬೇಕು? ಬೆಟ್ಟದ ರಸ್ತೆಯಲ್ಲಿ ತನ್ನ ಹೆಜ್ಜೆ ಸದ್ದೊಂದೇ ಕೇಳುತ್ತಿತ್ತು. ಪಕ್ಕಕ್ಕೆ ತಿರುಗಿ ಏನೋ ಹೇಳಹೋಗಿ ಬಾಯಿ ಮುಚ್ಚಿಕೊಳ್ಳುವಳು. ಮೂರು ಸಲ ಫೋನ್ ಮಾಡಿದಳು. ತಮನ್ನಾ ಎತ್ತಲಿಲ್ಲ. ಒಂದು ಸಂಜೆ ಕಣ್ಣು ಕತ್ತಲಿಟ್ಟು ಅದೇ ರಸ್ತೆಯಲ್ಲಿ ಕುಸಿದಳು. ಎತ್ತಲು ಯಾರೂ ಇರಲಿಲ್ಲ. ತಾನೇ ಎದ್ದಳು.

ಮುಂದಿನ ಗುರುವಾರ ಆ ಕೋಣೆಯ ಬಾಗಿಲು ತಳ್ಳಿದಳು.

“ಮೇಡಂ, ತಮನ್ನಾಗೆ ಏನಾಗಿತ್ತು?”

ನೂರೀನ್ ಅವಳ ಗುಳಿಬಿದ್ದ ಕಣ್ಣುಗಳನ್ನೇ ನೋಡಿದರು. “ನೀನು ಪವಿತ್ರ ಅಲ್ವಾ? ನೀನಾಗೇ ಬಂದ್ರೆ ಮಾತ್ರ ಹೇಳಿ ಅಂದಿದ್ಲು. ಕೂತ್ಕೋ.”

ಪವಿತ್ರ ಕೂತಳು.

“ತಮನ್ನಾಗೆ ಏನೂ ಆಗಿರಲಿಲ್ಲಮ್ಮ. ಊಟ, ನಿದ್ದೆ ಬಿಟ್ಟಿರೋ ನಿನ್ನನ್ನ ಉಳಿಸ್ಕೊಳ್ಳೋದು ಹೆಂಗೆ ಅಂತ ಕೇಳೋಕೆ ಬರ್ತಿದ್ಲು.”