ಮೈದಾನಕ್ಕೆ ಹತ್ತು ಸುತ್ತು

ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರೆಂದು ಹೆಡ್‌ಮಾಸ್ಟರ್ ಚನ್ನವೀರಪ್ಪನವರು ಆಟದ ಪೀರಿಯಡ್ಡನ್ನೂ ಲೈಬ್ರರಿ ಪೀರಿಯಡ್ಡನ್ನೂ ತೆಗೆದುಹಾಕಿ, ಅಲ್ಲೆಲ್ಲ ಲೆಕ್ಕದ ಪಾಠವನ್ನೇ ತುಂಬಿದರು. ಹೋಂವರ್ಕ್ ಮಾಡದೆ ಬಂದವರಿಗೆ ಶಿಕ್ಷೆಯನ್ನೂ ಗೊತ್ತುಮಾಡಿದರು. ಮೈದಾನಕ್ಕೆ ಹತ್ತು ಸುತ್ತು ಓಡಬೇಕು, ಆಮೇಲೆ ಲೈಬ್ರರಿಯಲ್ಲಿ ಕೂತು ಒಂದು ಕಥೆಪುಸ್ತಕ ಓದಿ ಮುಗಿಸಬೇಕು.

ಮೊದಲ ವಾರ ನಾಲ್ಕನೇ ತರಗತಿಯಲ್ಲಿ ಮೂವರು ಸಿಕ್ಕಿಬಿದ್ದರು. ಮೂರನೇ ವಾರಕ್ಕೆ ಇಪ್ಪತ್ತೆಂಟು ಮಂದಿಯಾದರು. ಚನ್ನವೀರಪ್ಪನವರ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಬೆತ್ತ ಹಿಡಿದೇ ತರಗತಿಗೆ ನುಗ್ಗಿದರು.

"ಯಾರ್ಯಾರು ಮಾಡಿಲ್ಲ, ಎದ್ದು ನಿಲ್ಲಿ."

ಇಡೀ ತರಗತಿ ಎದ್ದಿತು. ಒಂದು ದಿನವೂ ಹೋಂವರ್ಕ್ ತಪ್ಪಿಸದ ನಫೀಸಾ ಕೂಡ ಎದ್ದು ನಿಂತಳು. ಹೆಡ್‌ಮಾಸ್ಟರರ ಮೈಯೆಲ್ಲ ಉರಿದುಹೋಯಿತು.

"ನೀನೂನಾ? ನಾಚಿಕೆ ಆಗಲ್ವೇನೆ ನಿಂಗೆ?"

"ಮಾಡಿಲ್ಲ ಸಾರ್."

ಅವರು ಅವಳ ಚೀಲವನ್ನು ಕಸಿದುಕೊಂಡು ಬೆಂಚಿನ ಮೇಲೆ ಸುರಿದರು, ನೋಟ್‌ಬುಕ್ ತೆರೆದರು. ಕೊಟ್ಟ ಲೆಕ್ಕಗಳನ್ನೆಲ್ಲ ಅವಳು ದುಂಡಗಿನ ಅಕ್ಷರದಲ್ಲಿ ಮಾಡಿಟ್ಟಿದ್ದಳು.

"ಮತ್ತೆ ಸುಳ್ಳು ಯಾಕೆ ಹೇಳ್ದೆ?" ಎಂದು ಗದರಿದರು.

ಹುಡುಗಿ ತಲೆ ತಗ್ಗಿಸಿದಳು.

"ಮಾಡ್ಕೊಂಡು ಬಂದೋರ್ನ ನೀವು ಮೈದಾನಕ್ಕೂ ಬಿಡಲ್ಲ, ಲೈಬ್ರರಿಗೂ ಬಿಡಲ್ಲ ಸಾರ್."