ಹಳದಿ ನೂಲು

ಎರಡು ಸಲ ಸೊಸೆಯ ಗರ್ಭ ಇಳಿದುಹೋಗಿತ್ತು. ಈ ಸಲ ಮಗು ಹುಟ್ಟುವ ಮುಂಚೆ ಒಂದು ಕುಲಾವಿಯನ್ನೂ ಹೊಲಿಯಕೂಡದೆಂದು ಅತ್ತೆ ಆಣೆ ಹಾಕಿಸಿದ್ದರು.

ಏಳನೇ ತಿಂಗಳು. ಕೂತಲ್ಲಿ ಕೂರಲಾಗದೆ, ಎಣ್ಣೆಯನ್ನಾದರೂ ಬಿಡೋಣವೆಂದು ಅವಳು ಹೊಲಿಗೆ ಮಿಷನ್ನಿನ ತಗಡು ಬಿಚ್ಚಿದಳು. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಸಂದಿಯಲ್ಲಿ ಹಳದಿ ನೂಲಿನ ಕಸ ಸಿಕ್ಕಿಕೊಂಡಿತ್ತು.

"ಅತ್ತೆ, ಹೋದ ವಾರ ತಾನೇ ಇದನ್ನ ಕ್ಲೀನ್ ಮಾಡಿದ್ದೆ."

"ಹಳೇ ಕಸ ಇರಬೇಕು, ಬಿಡು."

"ಹಳದಿ ಬಟ್ಟೆ ನಾನು ಹೊಲಿದೇ ಇಲ್ಲ. ನನಗೆ ಆಣೆ ಹಾಕಿಸಿ ನೀವೇ ಹೊಲಿದ್ರಾ?"

ಅತ್ತೆಯ ಕೈ ಸೆರಗಿನ ಗಂಟಿಗೆ ಹೋದದ್ದನ್ನು ಸೊಸೆ ನೋಡಿದಳು.

"ಈ ಸಲವೂ ಏನಾದ್ರೂ ಆದ್ರೆ?"

ಅತ್ತೆ ಸೆರಗಿನ ಗಂಟು ಸಡಿಲಿಸಿದರು. ಅಂಗೈಯಗಲದ ಮೂರು ಹಳದಿ ಬಟ್ಟೆಯ ತುಂಡುಗಳು. ಅಂಚಿನ ತುಂಬ ಸೂಜಿಯ ತೂತುಗಳು.

"ನೀನು ಮಧ್ಯಾಹ್ನ ಮಲಗಿದಾಗ ಕುಲಾವಿ ಹೊಲೀತೀನಿ. ಏಳೋದ್ರೊಳಗೆ ಬಿಚ್ಚಿಬಿಡ್ತೀನಿ ಕಣೆ, ದಿನಾ."